ಹಿಮದ ಊರಿಗೆ ಹೊರಟಾಗ ಬಂದ ಆಷಾಢ

ಕೂಸು ಹುಟ್ಟುವ ಮುಂಚೆ ಕುಲಾವಿ ಅನ್ನುತ್ತಾರಲ್ಲ, ನಮ್ಮ ಮನೆಯಲ್ಲಿ ಆ ಕುಲಾವಿ ಕಬ್ಬಿಣದ್ದಾಗಿತ್ತು. ಹಿಮದ ಊರಿಗೆ ಹೋಗೋಣವೆಂದು ಮಾತೆದ್ದ ಮರುದಿನವೇ, ಉಳಿಯುವ ಜಾಗ ಗೊತ್ತಾಗುವ ಮೊದಲೇ, ಅಪ್ಪ ಕಾರಿನ ಚಕ್ರಕ್ಕೆ ಕಟ್ಟುವ ಸರಪಳಿ ತಂದುಬಿಟ್ಟರು. ಹಿಮದಲ್ಲಿ ಟೈರು ಜಾರದಿರಲೆಂದು ಕಟ್ಟುವ ಸರಪಳಿ. ಆಕ್ಲೆಂಡಿನ ಅಂಚಿನಲ್ಲಿ ನಾವಿರುವ ಹೆಂಡರ್ಸನ್ನಿನಲ್ಲಿ ಹಿಮ ಎಂಬುದು ನಮ್ಮ ಫ್ರೀಜರಿನೊಳಗೆ ಬಿಟ್ಟರೆ ಇನ್ನೆಲ್ಲೂ ಇಲ್ಲ. ಆದರೂ ಶನಿವಾರ ಬೆಳಿಗ್ಗೆಯಾದರೆ ಸಾಕು, ಅಪ್ಪ ಡ್ರೈವ್‌ವೇಯಲ್ಲಿ ಮಂಡಿಯೂರಿ ಸರಪಳಿ ಕಟ್ಟುವುದು, ಬಿಚ್ಚುವುದು, ಮತ್ತೆ ಕಟ್ಟುವುದು. ಅವರ ಕೆಲಸ ಸಾಫ್ಟ್‌ವೇರ್ ಟೆಸ್ಟಿಂಗ್. ಪರೀಕ್ಷೆ ಮಾಡದೆ ಯಾವುದನ್ನೂ ನಂಬುವವರಲ್ಲ. ಪರೀಕ್ಷೆ ಮಾಡಿದ ಮೇಲಂತೂ ನಂಬುವುದೇ ಇಲ್ಲ. ಪಕ್ಕದ ಮನೆಯ ಕಿವಿ ಅಂಕಲ್ (ಈ ದೇಶದವರು ತಮ್ಮನ್ನು ಕರೆದುಕೊಳ್ಳುವುದೇ ಕಿವಿ ಎಂದು) ಬೇಲಿಯ ಮೇಲೆ ಮೊಣಕೈಯಿಟ್ಟು, ಇವತ್ತು ಹಿಮ ಬೀಳುತ್ತದೆಯೇ ಎಂದು ಇಂಗ್ಲಿಷಿನಲ್ಲಿ ವಿಚಾರಿಸುತ್ತಿದ್ದರು. ಅಪ್ಪ ಗಂಭೀರವಾಗಿ ಒಮ್ಮೆ ಆಕಾಶ ನೋಡಿ, ಇಲ್ಲವೆಂದು ತಲೆಯಾಡಿಸುತ್ತಿದ್ದರು.

ಇದನ್ನೆಲ್ಲ ನಾನು ಊಟದ ಹೊತ್ತಿಗೆ ಮಾಡಿ ತೋರಿಸುತ್ತಿದ್ದೆ. ಮನೆಯಲ್ಲಿ ನನ್ನ ಉದ್ಯೋಗವೇ ಅದು. ಹೇಳಿಕೊಳ್ಳಲಿಕ್ಕೆ ಮನುಕಾವ್‌ನ ಪಾಲಿಟೆಕ್ನಿಕ್‌ನಲ್ಲಿ ಎಲೆಕ್ಟ್ರಿಕಲ್ ಓದುತ್ತಿದ್ದೇನೆ, ನಿಜ. ಆದರೆ ನನಗೆ ವೈರು ಎಳೆಯುವುದಕ್ಕಿಂತ ಜನರ ಕಾಲು ಎಳೆಯುವುದು ಚೆನ್ನಾಗಿ ಬರುತ್ತದೆ. ಯಾರಾದರೂ ನನ್ನೆದುರು ಎರಡು ನಿಮಿಷ ಮಾತಾಡಿದರೆ ಸಾಕು, ಅವರ ಗಂಟಲು ನನ್ನ ಗಂಟಲಿನೊಳಗೆ ಬಂದು ಕೂತುಬಿಡುತ್ತದೆ. ಮೈಸೂರಿನಲ್ಲಿ ಏಳನೇ ಕ್ಲಾಸು ಮುಗಿಸಿ ಈ ದೇಶಕ್ಕೆ ಬಂದಾಗ ನನಗೆ ಬರುತ್ತಿದ್ದ ಇಂಗ್ಲಿಷೂ ಹೀಗೆಯೇ, ಇನ್ನೊಬ್ಬರಿಂದ ಎತ್ತಿಕೊಂಡದ್ದು. ಮೊದಲ ವರ್ಷವಿಡೀ ನಾನು ನಮ್ಮ ಶಾಲಾ ಬಸ್ಸಿನ ಡ್ರೈವರನ ಹಾಗೆ ಮಾತಾಡುತ್ತಿದ್ದೆನಂತೆ.

ಈ ಪ್ರವಾಸ ನಮ್ಮ ಪಾಲಿಗೆ ಸಣ್ಣ ಸಂಗತಿಯಲ್ಲ. ಅಮ್ಮ ಹೆರಿಗೆ ವಾರ್ಡಿನ ನರ್ಸ್. ಮಕ್ಕಳು ನಮ್ಮ ರಜೆ ನೋಡಿಕೊಂಡು ಹುಟ್ಟುವುದಿಲ್ಲವಾದ್ದರಿಂದ ನಮ್ಮ ಎಲ್ಲ ಪ್ರವಾಸಗಳೂ ಊಟದ ಮೇಜಿನ ಮೇಲೆಯೇ ಆರಂಭವಾಗಿ ಅಲ್ಲಿಯೇ ಮುಗಿಯುತ್ತಿದ್ದವು. ಈ ಸಲ ಜುಲೈನಲ್ಲಿ, ಅಂದರೆ ಇಲ್ಲಿಯ ನಡುಚಳಿಗಾಲದಲ್ಲಿ, ಅವರಿಗೆ ಇಡೀ ಒಂದು ವಾರ ರಜೆ ಸಿಕ್ಕಿತ್ತು. ಅದೇ ವಾರ ಅಪ್ಪನಿಗೂ ಸಿಕ್ಕಿತು, ಅಣ್ಣನಿಗೂ ಸಿಕ್ಕಿತು. ನನಗೆ ಹೇಗೂ ಸೆಮಿಸ್ಟರಿನ ನಡುವಿನ ರಜೆ. ಇನ್ನು ಅತ್ತಿಗೆ. ಅಣ್ಣನಿಗೆ ಊರಿನ ಬೇಸಿಗೆಯಲ್ಲಿ ಮಂಡ್ಯದಲ್ಲಿ ಮದುವೆಯಾಗಿ, ಅತ್ತಿಗೆ ಇಲ್ಲಿಗೆ ಬಂದು ಎರಡು ತಿಂಗಳಾಗಿರಲಿಲ್ಲ. ಬೆಂಗಳೂರಿನ ತಮ್ಮ ಕಂಪನಿಯ ಕೆಲಸವನ್ನೇ ನಮ್ಮ ಮನೆಯ ಹಿಂದಿನ ರೂಮಿನಲ್ಲಿ ಲ್ಯಾಪ್‌ಟಾಪಿಟ್ಟುಕೊಂಡು ಮಾಡುತ್ತಿದ್ದರು. ಎಲ್ಲಿಂದ ಮಾಡಿದರೂ ನಡೆಯುತ್ತಿತ್ತು, ಆದರೆ ಯಾರೂ ರಜೆ ಕೊಡುತ್ತಿರಲಿಲ್ಲ. ಈ ವಾರಕ್ಕೂ ಬೇಡಿಕೊಂಡು ನಾಲ್ಕು ದಿನ ಪಡೆದಿದ್ದರು.

ಅತ್ತಿಗೆಯದು ಬಹಳ ಮರ್ಯಾದೆ. “ನೀವು ಕಾಫಿ ಕುಡೀತೀರಾ?” ಎಂದು ನನ್ನನ್ನು ಕೇಳಿದಾಗಲೆಲ್ಲ ನಾನು ಹಿಂದೆ ತಿರುಗಿ ಯಾರು ನಿಂತಿದ್ದಾರೆಂದು ನೋಡುತ್ತಿದ್ದೆ. ನಾನು ಅಪ್ಪನ ಸರಪಳಿ ನಾಟಕ ಆಡುವಾಗ ಅಣ್ಣ ಕುರ್ಚಿಯಿಂದ ಜಾರಿ ನಗುತ್ತಿದ್ದ, ಅತ್ತಿಗೆ ಮಾತ್ರ ಬಾಯಿಗೆ ಕೈ ಅಡ್ಡವಿಟ್ಟು ಅಷ್ಟೇ ಅಷ್ಟು ನಗುತ್ತಿದ್ದರು. ಅವರನ್ನು ಒಂದು ಸಲ ಗಟ್ಟಿಯಾಗಿ ನಗಿಸಬೇಕೆಂಬುದು ನನ್ನ ಆಗಿನ ಜೀವನದ ಗುರಿ. ಎಲೆಕ್ಟ್ರಿಕಲ್‌ನಲ್ಲಿ ಅಂಥ ಗುರಿಯೇನೂ ಇರಲಿಲ್ಲ.

ಹೋಗುವ ಊರು ಒಹಾಕುನೆ. ರುವಾಪೆಹು ಪರ್ವತದ ಬುಡದಲ್ಲಿರುವ ಪುಟ್ಟ ಊರು. ಚಳಿಗಾಲದಲ್ಲಿ ಸ್ಕೀ ಮಾಡುವವರೆಲ್ಲ ಅಲ್ಲಿ ಉಳಿದು ಬೆಳಿಗ್ಗೆ ಬೆಟ್ಟ ಹತ್ತುತ್ತಾರೆ. ಉಳಿದ ಕಾಲದಲ್ಲಿ ಕ್ಯಾರೆಟ್ ಬೆಳೆಯುತ್ತಾರೆ. ಊರ ಬಾಗಿಲಲ್ಲಿ ಮರದೆತ್ತರದ ಕ್ಯಾರೆಟ್ ಬೊಂಬೆಯೊಂದನ್ನು ನಿಲ್ಲಿಸಿದ್ದಾರೆಂದು ತಿಳಿದ ಮೇಲೆ ಅಮ್ಮನಿಗೆ ಆ ಊರಿನ ಬಗ್ಗೆ ವಿಶ್ವಾಸ ಹುಟ್ಟಿತು. “ಹಂಗಾದ್ರೆ ತರಕಾರಿ ಒಯ್ಯೋದ್ ಬೇಡ, ಕೋಸಂಬರಿಗೆ ಅಲ್ಲೇ ಸಿಗತ್ತೆ,” ಎಂದರು. ರೈಸ್ ಕುಕ್ಕರು, ಪುಳಿಯೋಗರೆ ಗೊಜ್ಜು, ಚಟ್ನಿಪುಡಿ ಎಲ್ಲ ಮಾತಿನಲ್ಲಿ ಪ್ಯಾಕ್ ಆದವು. ಸ್ಕೀ ಮಾಡಲು ನಮ್ಮಲ್ಲಿ ಯಾರಿಗೂ ಬರುವುದಿಲ್ಲ ಎಂಬುದು ಮಾತ್ರ ಯಾರಿಗೂ ಹೊಳೆದಿರಲಿಲ್ಲ.

ಆಷಾಢ ನೆನಪಾದದ್ದು ಒಂದು ಭಾನುವಾರದ ವಿಡಿಯೋ ಕಾಲಿನಲ್ಲಿ. ಅತ್ತಿಗೆಯ ತಾಯಿ ಮಂಡ್ಯದಿಂದ ಮಾತಾಡುತ್ತಿದ್ದರು. ಅಪ್ಪ ಹೆಮ್ಮೆಯಿಂದ ಸರಪಳಿ ಎತ್ತಿ ಹಿಡಿದು ತೋರಿಸಿದರು.

“ಅದೇನ್ ಬೀಗ್ರೇ, ಆನೆ ಕಟ್ಟೋ ಸರಪಣಿ ಇದ್ದಂಗದೆ,” ಎಂದರು ಅವರು.

“ಜುಲೈನಲ್ಲಿ ಹಿಮ ನೋಡೋಕ್ ಹೋಗ್ತಿದೀವಿ. ಎಲ್ರೂ ಒಟ್ಟಿಗೆ.”

“ಓಗ್ಬನ್ನಿ, ಓಗ್ಬನ್ನಿ. ಜುಲೈ ಅಂದ್ರೆ…” ಅವರ ಮುಖ ಒಂದು ಗಳಿಗೆ ನಿಂತುಹೋಯಿತು. ನೆಟ್‌ವರ್ಕ್ ತೊಂದರೆಯೆಂದು ನಾವು ಅಂದುಕೊಂಡೆವು. “ಆಸಾಡ ಅಲ್ವಾ ಅದು. ಆಗ್ಲಿ ಬುಡಿ, ಅಷ್ಟ್ ದೂರ್‌ದಲ್ಲಿ ಅದೆಲ್ಲ ಎಲ್ ನಡೀತದೆ.” ಆಮೇಲೆ ಅವರ ಫೋನು ಹೇಗೋ ತಿರುಗಿ, ಬಹಳ ಹೊತ್ತು ನಮಗೆ ಸೀಲಿಂಗ್ ಫ್ಯಾನು ಮಾತ್ರ ಕಾಣಿಸಿತು.

ನಮ್ಮ ಫ್ರಿಜ್ಜಿನ ಬಾಗಿಲಿಗೆ ಎರಡು ಕ್ಯಾಲೆಂಡರು ಅಂಟಿಸಿದ್ದೇವೆ. ಒಂದು ಅಮ್ಮನ ಡ್ಯೂಟಿಯದು, ಇನ್ನೊಂದು ಮೈಸೂರಿನಿಂದ ತರಿಸಿದ ಪಂಚಾಂಗದ್ದು. ಅಮ್ಮ ಡ್ಯೂಟಿಯದನ್ನಷ್ಟೇ ನೋಡಿ ರಜೆ ಹಾಕಿದ್ದರು. ಈಗ ಎರಡನ್ನೂ ಅಕ್ಕಪಕ್ಕ ಹಿಡಿದು ನೋಡಿದರೆ, ನಮ್ಮ ರಜೆಯ ವಾರ ಆಷಾಢದ ಹೊಟ್ಟೆಯೊಳಗೇ ಕೂತಿತ್ತು. ಮದುವೆಯಾದ ಮೊದಲ ಆಷಾಢ: ಅತ್ತೆ ಸೊಸೆ ಒಂದೇ ಹೊಸ್ತಿಲು ದಾಟಬಾರದು, ಗಂಡ ಹೆಂಡತಿ ಒಂದೇ ಸೂರಿನಡಿ ಇರಬಾರದು, ತವರಿನವರು ಬಂದು ಹೆಣ್ಣನ್ನು ಕರೆದುಕೊಂಡು ಹೋಗಬೇಕು. ಊರಲ್ಲಾದರೆ ಬೇರೆಯವರು ನೆನಪಿಸುತ್ತಾರೆ. ಇಲ್ಲಿ ನೆನಪಿಸಲು ಬೇಲಿಯಾಚೆಯ ಕಿವಿ ಅಂಕಲ್ ಒಬ್ಬರೇ.

ಅಪ್ಪ ತಕ್ಷಣ ಪರಿಹಾರ ಕೊಟ್ಟರು. “ನೀನು ಮುಂಬಾಗ್ಲಲ್ಲಿ ಓಡಾಡು. ಅವ್ಳು ಹಿಂದ್ಗಡೆ ಡೆಕ್ಕಿನ ಗಾಜಿನ ಬಾಗ್ಲಲ್ಲಿ ಓಡಾಡ್ಲಿ. ಅದು ಸ್ಲೈಡಿಂಗು, ಹೊಸ್ತಿಲೇ ಇಲ್ಲ.”

ಅಣ್ಣ ವಿಜ್ಞಾನಕ್ಕೆ ಕೈ ಹಾಕಿದ. “ಅಮ್ಮ, ಇದೆಲ್ಲ ಯಾಕ್ ಮಾಡಿರೋದು ಹೇಳು. ಆಷಾಢದಲ್ಲಿ ಏನಾದ್ರೂ ಆದ್ರೆ ಮಗು ಹುಟ್ಟೋದು ಚೈತ್ರದಲ್ಲಿ. ಅಲ್ಲಿ ಬಿಸಿಲು. ಇಲ್ಲಿ ಏಪ್ರಿಲ್ ಅಂದ್ರೆ ಎಷ್ಟ್ ತಂಪು. ಲಾಜಿಕ್ಕೇ ಉಲ್ಟಾ.”

ಹೆರಿಗೆ ವಾರ್ಡಿನ ನರ್ಸೊಬ್ಬಳಿಗೆ, ಅದೂ ಹೆತ್ತ ತಾಯಿಗೆ, ಹೊಸ ಹೆಂಡತಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಈ ವಾದ ಮಂಡಿಸಿದ ಅವನ ಧೈರ್ಯವನ್ನು ನಾನು ಇಂದಿಗೂ ಮೆಚ್ಚುತ್ತೇನೆ.

“ತಂಪೋ ಬಿಸಿಯೋ ಆಮೇಲ್ ನೋಡೋಣ,” ಎಂದರು ಅಮ್ಮ, ಬೀನ್ಸ್ ಹೆಚ್ಚುವುದನ್ನು ನಿಲ್ಲಿಸದೆ. “ಏಪ್ರಿಲಲ್ಲಿ ನಮ್ ವಾರ್ಡಲ್ಲಿ ಬೆಡ್ ಸಿಗಲ್ಲ ಕಣೋ.”

ಅಣ್ಣನ ಕಿವಿ ಕೆಂಪಾದವು. ಅವನ ಕಿವಿಗಳು ಅವನಿಗಿಂತ ಪ್ರಾಮಾಣಿಕ.

ಕೊನೆಗೆ ಅಮ್ಮನೇ ಕೈಬಿಟ್ಟರು. “ಹೋಗ್ಲಿ ಬಿಡ್ರೋ. ನಾನೇನ್ ಅಂಥ ಅತ್ತೆ ಅಲ್ಲ. ಇಷ್ಟ್ ವರ್ಷಕ್ಕೆ ಒಂದ್ ರಜಾ ಸಿಕ್ಕಿದೆ. ಏನಮ್ಮ, ನೀನೇನಂತೀಯ?”

“ಪರವಾಗಿಲ್ಲ ಅತ್ತೆ,” ಎಂದರು ಅತ್ತಿಗೆ.

ಸರಿ, ಎಲ್ಲರೂ ಹಗುರಾಗಿ ಮತ್ತೆ ಚಟ್ನಿಪುಡಿಗೆ ಮರಳಿದೆವು. ಅತ್ತಿಗೆ ಎದ್ದು ಪಾತ್ರೆ ತೊಳೆಯಲು ಹೋದರು. ನಮ್ಮ ಮನೆಯಲ್ಲಿ ಪಾತ್ರೆ ತೊಳೆಯುವ ಮಿಷನ್ನು ಇದೆ.

ನಾನು ಹಿಂದೆಯೇ ಹೋದೆ. ಇವತ್ತು ನಗಿಸಿಯೇ ಬಿಡುತ್ತೇನೆಂದು ಅವರ ತಾಯಿಯ ದನಿ ಹಿಡಿದೆ. ಫೋನಿನಾಚೆಯಿಂದ ಅವರು ಯಾರನ್ನೋ ಊಟಕ್ಕೆ ಕೂಗುವುದನ್ನು ಎಷ್ಟೋ ಸಲ ಕೇಳಿದ್ದೆನಲ್ಲ, ಸೊಂಟಕ್ಕೆ ಕೈಯಿಟ್ಟು, ಕೊನೆಯ ಅಕ್ಷರವನ್ನು ಬೀದಿಯ ತುದಿಯವರೆಗೆ ಎಳೆದು, ಹಾಗೆಯೇ ಕೂಗಿದೆ: “ಬಾರವ್ವಾ, ಕೈಕಾಲ್ ತೊಳ್ಕಂಡು ಬಾ, ಮುದ್ದೆ ಆರೋಯ್ತದೇ.”

ಅತ್ತಿಗೆ ನಗಲಿಲ್ಲ. ನಲ್ಲಿ ನಿಲ್ಲಿಸಿದರು. “ಇನ್ನೊಂದ್ ಸಲ ಮಾಡಿ,” ಎಂದರು.

ಮಾಡಿದೆ.

“ಇನ್ನೊಂದ್ ಸಲ.”

ಮೂರನೆಯ ಸಲಕ್ಕೆ ನನ್ನ ದನಿ ಸ್ವಲ್ಪ ಬಿತ್ತು. ನನ್ನ ಯಾವ ಪ್ರದರ್ಶನಕ್ಕೂ ಇಂಥ ಬೇಡಿಕೆ ಬಂದಿರಲಿಲ್ಲ.

“ನಮ್ಮಕ್ಕನ್ ಮೊದಲ್ನೇ ಆಷಾಢಕ್ಕೆ ಕರ್ಕೊಂಡ್ ಬರೋಕೆ ಅಪ್ಪ ಹೋಗಿದ್ರು,” ಎಂದರು, ತೊಳೆದ ತಟ್ಟೆಯನ್ನೇ ಮತ್ತೆ ತೊಳೆಯುತ್ತ. “ಬಾಳೆಹಣ್ಣು, ಸೀರೆ ಎಲ್ಲ ಹಿಡ್ಕೊಂಡು. ಅವ್ಳು ತಿಂಗ್ಳು ಪೂರ್ತಿ ಏನೂ ಮಾಡ್ಲಿಲ್ಲ. ತಿಂದ್ಲು, ಮಲಗಿದ್ಲು, ಮಧ್ಯಾಹ್ನ ಎಲ್ರೂನೂ ಕೂರಿಸ್ಕೊಂಡು ಅತ್ತೆಮನೆಯವ್ರನ್ನ ಒಬ್ಬೊಬ್ಬರಾಗಿ ಆಡ್ಕೊಂಡ್ಲು. ನಕ್ಕೂ ನಕ್ಕೂ ಸಾಕಾಗಿತ್ತು. ಅವಾಗಿಂದ ನಾನು ನನ್ ಸರದಿ ಕಾಯ್ತಿದ್ದೆ.”

“ಮಂಡ್ಯಕ್ಕೇ ಹೋಗ್ಬನ್ನಿ ಹಂಗಾದ್ರೆ.”

“ಇಷ್ಟ್ ಬೇಗ ವಾಪಸ್ ಹೋದ್ರೆ ನಮ್ ಬೀದಿ ಸುಮ್ನಿರತ್ತಾ? ಗಂಡನ್ ಬಿಟ್ ಬಂದ್ಲು ಅಂತಾರೆ.” ತಟ್ಟೆ ಒರೆಸಿಟ್ಟು ಹೇಳಿದರು: “ನಂಗೆ ಶಾಸ್ತ್ರ ಬೇಕು ಅಂತಲ್ಲ. ಸ್ನೋನೂ ನೋಡ್ಬೇಕು. ಆದ್ರೆ ಯಾರಾದ್ರೂ ಬಂದು, ನಮ್ ಹುಡುಗೀನ ಕಳ್ಸಿಕೊಡಿ ಅಂತ ಒಂದ್ ಮಾತು ಕೇಳ್ಬೇಕಿತ್ತು. ಅಷ್ಟೇ.”

ಅಷ್ಟೇ ಎಂದದ್ದು ಅಷ್ಟೇ ಆಗಿರಲಿಲ್ಲವೆಂದು ನನ್ನಂಥವನಿಗೂ ತಿಳಿಯಿತು. ಹೋಗಿ ಅಮ್ಮನಿಗೆ ಹೇಳಿದೆ, ಯಾರ ದನಿಯನ್ನೂ ಮಾಡದೆ. ಅಮ್ಮ ನಾನು ಜ್ವರದಲ್ಲಿದ್ದೇನೆಯೇ ಎಂಬಂತೆ ಹಣೆ ಮುಟ್ಟಿ ನೋಡಿದರು. ಆಮೇಲೆ ಫೋನು ತೆಗೆದುಕೊಂಡು ಅಪ್ಪರ್ ಹಟ್‌ಗೆ ಹಚ್ಚಿದರು.

ಅಪ್ಪರ್ ಹಟ್ ದ್ವೀಪದ ಆ ತುದಿಗಿದೆ, ವೆಲ್ಲಿಂಗ್ಟನ್ನಿನ ಹತ್ತಿರ. ಅಲ್ಲಿಯ ಆಂಟಿ ಅಮ್ಮನ ಜೊತೆ ಬೆಂಗಳೂರಿನಲ್ಲಿ ನರ್ಸಿಂಗ್ ಕಲಿತವರು. ಧಾರವಾಡದವರು, ಕ್ರೈಸ್ತರು, ಭಾನುವಾರ ಚರ್ಚಿನಲ್ಲಿ ಅವರು ಹಾಡಿದರೆ ಹಿಂದಿನ ಬೆಂಚಿನ ಮುದುಕರೂ ನಿದ್ದೆಯಿಂದೇಳುತ್ತಾರೆಂದು ಪ್ರತೀತಿ. ಅವರ ಪಂಚಾಂಗದಲ್ಲಿ ಆಷಾಢವೇ ಇಲ್ಲ. ಅಮ್ಮ ಹಿಂಜರಿಯುತ್ತ ವಿಷಯ ಹೇಳಿ ಮುಗಿಸುವ ಮೊದಲೇ ಸ್ಪೀಕರಿನಿಂದ ದನಿ ಬಂತು.

“ಅಯ್ಯ, ಇದಕ್ಯಾಕ ಇಷ್ಟ್ ಚಿಂತಿ ಮಾಡ್ತಿ? ಆ ಹುಡುಗಿ ತವರಮನಿ ನಮ್ಮನಿ. ಮುಗೀತಿಲ್ಲೋ?”

“ಅಲ್ಲ ಕಣೇ, ನಿಮ್ಮಲ್ಲಿ ಇದೆಲ್ಲ…”

“ನಮ್ಮಲ್ಲಿ ಇಲ್ಲ ಖರೆ. ನಮ್ಮ ಓಣ್ಯಾಗ ಇತ್ತಲ್ಲ. ಆಷಾಢ ಬಂತಂದ್ರ ಓಣಿ ಹೆಣ್ಣಮಕ್ಕಳೆಲ್ಲಾ ತವರಿಗೆ ಬರ್ತಿದ್ರು. ಅವರಿಗೆ ಮಾಡಿದ್ದ ಅಡಗಿ ಎಲ್ಲಾರ ಮನ್ಯಾಗೂ ಉಂಡಾಕಿ ನಾ. ನಂಗ ಕಲಸ್ತೀಯೇನು? ತಿಂಗಳಾನಗಟ್ಲೆ ಇಟಗೋತೀನಿ, ಲ್ಯಾಪ್‌ಟಾಪ್ ಇಲ್ಲಿಂದ ಬಡೀಲಿ. ಒಂದ ಮಾತು. ನಿನ್ನ ದೊಡ್ಡ ಮಗ ನಮ್ಮ ಹೊಸ್ತಿಲಾ ತುಳಿಯಂಗಿಲ್ಲ ಮತ್ತ. ಅಳಿಯ ಆಷಾಢದಾಗ ಬರಬಾರದು.”

ಅಣ್ಣ ಸೋಫಾದಲ್ಲಿ ನೆಟ್ಟಗೆ ಕೂತ. “ಹಾಗಾದ್ರೆ ಸ್ನೋ ಟ್ರಿಪ್?”

ಇಲ್ಲಿಂದ ಮುಂದೆ ನಮ್ಮ ಯೋಜನೆ ಯುದ್ಧದ ಯೋಜನೆಯಾಯಿತು. ಒಹಾಕುನೆ ಹೆಚ್ಚುಕಡಿಮೆ ಎರಡೂ ಮನೆಗಳ ನಡುದಾರಿ. ಒಂದು ದೊಡ್ಡ ಮನೆ ಬೇಡ, ಅಕ್ಕಪಕ್ಕದ ಎರಡು ಕ್ಯಾಬಿನ್ ಹಿಡಿಯುವುದು. ಒಂದು ಅತ್ತೆಮನೆ, ಇನ್ನೊಂದು ತವರುಮನೆ. ಆಂಟಿ ಅಂಕಲ್ ತಮ್ಮ ಯೂಟ್ ಗಾಡಿಯ ಹಿಂದೆ ಸಾಮಾನು ಹೇರಿಕೊಂಡು ತೆಂಕಣದಿಂದ ಅತ್ತಿಗೆಯನ್ನು ಕರೆತರುವುದು, ನಾವು ಬಡಗಣದಿಂದ ಇಳಿಯುವುದು. ಹುಳಿ ಆಚೆಯಿಂದ ಈಚೆ ಬರಬಹುದು, ಅತ್ತೆ ಈಚೆಯಿಂದ ಆಚೆ ಹೋಗಬಾರದು. ಕ್ಯಾಬಿನ್ನಿನವರಿಗೆ ಫೋನ್ ಮಾಡಿ, ಎರಡಕ್ಕೂ ಬೇರೆಬೇರೆ ಬಾಗಿಲು ಇದೆ ತಾನೇ ಎಂದು ಅಪ್ಪ ಖಚಿತಪಡಿಸಿಕೊಂಡರು. ಆಚೆಯ ಹುಡುಗಿ ತಾಳ್ಮೆಯಿಂದ, ಸಾಮಾನ್ಯವಾಗಿ ಹಾಗೆಯೇ ಇರುತ್ತದೆ ಎಂದಳಂತೆ.

“ನಾನ್ ಅವ್ಳನ್ನ ಎಲ್ ನೋಡೋದು?” ಎಂದ ಅಣ್ಣ. ಅವನ ಪ್ರಶ್ನೆ ನ್ಯಾಯವಾದದ್ದೇ.

ಅಪ್ಪ ಬಹಳ ಯೋಚಿಸಿ ಹೇಳಿದರು: “ಬೆಟ್ಟದ್ ಮೇಲೆ. ಬೆಟ್ಟಕ್ಕೆ ಹೊಸ್ತಿಲಿಲ್ಲ. ಮೇಲ್ ಹೋಗೋ ಲಿಫ್ಟೂ ಬರೀ ಕುರ್ಚಿ, ಬಾಗಿಲಿಲ್ಲ. ನಾನ್ ಚೆಕ್ ಮಾಡಿದೀನಿ.”

ಉಳಿದದ್ದು ಒಂದೇ. ಕರೆಯಲು ಯಾರು ಬರುವುದು? ಆಂಟಿಗೂ ಅಂಕಲಿಗೂ ಅಷ್ಟು ದೂರ ಬರಲು ಡ್ಯೂಟಿ ಬಿಡುತ್ತಿರಲಿಲ್ಲ. ಆಂಟಿಯೇ ದಾರಿ ಹುಡುಕಿದರು. “ನಿನ್ನ ಸಣ್ಣ ಮಗನ್ನ ನಮಗ ಕೊಟ್ಟುಬಿಡು. ಇವತ್ತಿಂದ ಅಂವ ಹೆಣ್ಣಿನ ಕಡಿಯವ. ಹೆಂಗೂ ಮನ್ಯಾಗ ಏನೂ ಕೆಲಸಿಲ್ಲ ಅವಂಗ.”

ಹೀಗೆ, ಆಷಾಢ ಹುಟ್ಟುವ ಮುಂಚಿನ ಒಂದು ಬೆಳಿಗ್ಗೆ, ಅಮ್ಮ ನನ್ನನ್ನು ಮನೆಯಿಂದ ಹೊರಗೆ ಹಾಕಿ ಬಾಗಿಲು ಮುಚ್ಚಿದರು. ಬೀದಿ ಮೂಲೆಯಲ್ಲಿ ಇಲ್ಲಿಯವರು ಡೈರಿ ಎನ್ನುವ ಚಿಲ್ಲರೆ ಅಂಗಡಿಯಿದೆ. ಹಾಲಿನಿಂದ ಹಿಡಿದು ಬಲ್ಬಿನವರೆಗೆ ಎಲ್ಲ ಸಿಗುತ್ತದೆ. ಅಲ್ಲಿ ಬಾಳೆಹಣ್ಣು ತೆಗೆದುಕೊಂಡೆ. ಸೀರೆ, ವೀಳ್ಯದೆಲೆ ಮೊದಲೇ ಕಾರಿನಲ್ಲಿದ್ದವು. ಹೂವಿಗೆ ಕಿವಿ ಅಂಕಲ್ಲಿನ ಬೇಲಿಯ ಕೆಮೇಲಿಯಾ, ಕೇಳಿಯೇ ಕಿತ್ತೆ. ಎಲ್ಲವನ್ನೂ ತಟ್ಟೆಯಲ್ಲಿಟ್ಟುಕೊಂಡು ನನ್ನದೇ ಮನೆಯ ಬೆಲ್ಲು ಒತ್ತಿದೆ.

ಅಮ್ಮ ಬಾಗಿಲು ತೆರೆದರು. ರೇಷ್ಮೆ ಸೀರೆ. “ಬನ್ನಿ, ಬನ್ನಿ. ದಾರೀಲೇನೂ ತೊಂದ್ರೆ ಆಗ್ಲಿಲ್ಲ ತಾನೇ?”

ಹುಟ್ಟಿದಾಗಿನಿಂದ ಅಮ್ಮ ನನ್ನನ್ನು ಬನ್ನಿ ಎಂದದ್ದು ಅದೇ ಮೊದಲು. ಕಾಲು ಒಳಗಿಡುವುದು ಹೇಗೆಂದೇ ಮರೆತುಹೋಯಿತು. ಸೋಫಾದಲ್ಲಿ ಕೂರಿಸಿದರು. ಬೆಳ್ಳಿ ಲೋಟದಲ್ಲಿ ಕಾಫಿ ಬಂತು. ನನಗೆ ನಿತ್ಯ ಬರುವುದು ಕಿವಿ ಮುರಿದ ಮಗ್ಗು.

ಅಪ್ಪ ಪೇಪರು ಮಡಚಿ ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು. “ಏನ್ ಮಾಡ್ಕೊಂಡಿದೀರಿ?”

“ಎಲೆಕ್ಟ್ರಿಕಲ್ ಓದ್ತಿದೀನಿ.”

“ಓಹೋ. ನಮ್ಮನೇಲೂ ಒಬ್ಬ ಓದ್ತಿದಾನೆ. ಮುಗಿಯೋ ಲಕ್ಷಣ ಇಲ್ಲ. ನಿಮ್ದು?”

“ನಂದು ಚೆನ್ನಾಗ್ ನಡೀತಿದೆ,” ಎಂದೆ. “ಅವ್ರ ಮನೆ ವಾತಾವರಣ ಸರಿ ಇಲ್ವೇನೋ.”

ಅಣ್ಣ ಕೆಮ್ಮಿದ. ಅಷ್ಟರಲ್ಲಿ ಅತ್ತಿಗೆ ಹೊರಗೆ ಬಂದರು. ಬೆಳಿಗ್ಗೆಯಿಂದಲೇ ಸೀರೆ ಉಟ್ಟು, ಸೂಟ್‌ಕೇಸಿನ ಮೇಲೆ ಕೂತು ಕಾಯುತ್ತಿದ್ದರೆಂದು ಆಮೇಲೆ ಅಣ್ಣ ಹೇಳಿದ. ಅವರ ಅಪ್ಪನ ದನಿಯಲ್ಲೇ ಕರೆಯಬೇಕೆಂದು ನಾನು ವಾರದಿಂದ ತಾಲೀಮು ಮಾಡಿದ್ದೆ. ಎದ್ದು ನಿಂತೆ, ತಟ್ಟೆಯನ್ನು ಅಮ್ಮನ ಮುಂದೆ ಹಿಡಿದೆ. ಗಂಟಲಿಗೆ ಯಾರೂ ಬರಲಿಲ್ಲ. ನನ್ನದೇ ಒಡಕು ದನಿಯಲ್ಲಿ ಹೇಳಬೇಕಾಯಿತು:

“ಆಷಾಢಕ್ಕೆ ಅಕ್ಕನ್ನ ಕರ್ಕೊಂಡ್ ಹೋಗೋಣ ಅಂತ ಬಂದೆ. ಕಳ್ಸಿಕೊಡಿ.”

“ಅದಕ್ಕೇನಂತೆ. ನಿಮ್ ಹುಡುಗಿ, ಕರ್ಕೊಂಡ್ ಹೋಗಿ,” ಎಂದರು ಅಮ್ಮ. ಅತ್ತಿಗೆಗೆ ಕುಂಕುಮವಿಟ್ಟು, ಕೈಗೆ ಕೋಡುಬಳೆಯ ಡಬ್ಬ ಕೊಟ್ಟು, ಮುಖ ತಿರುಗಿಸಿ ಅಣ್ಣನನ್ನು ಗದರಿಸಿದರು: “ಸೂಟ್‌ಕೇಸ್ ಎತ್ತಿಡೋ.”

ಅಣ್ಣ ಎತ್ತಿಟ್ಟ. ನನ್ನ ಹಳೆಯ ಕಾರಿನ ಡಿಕ್ಕಿ ಮುಚ್ಚುತ್ತ, “ಸ್ನೋ ಟ್ರಿಪ್ ಮುಗಿದ್ಮೇಲೆ ನಮ್ ಜೊತೆ ವಾಪಸ್ ತಾನೇ?” ಎಂದ.

“ತಿಂಗ್ಳು ಅಂದ್ರೆ ತಿಂಗ್ಳು,” ಎಂದರು ಅಮ್ಮ ಬಾಗಿಲಿನಿಂದ. “ನೀನೇ ಅನ್ನ ಮಾಡೋದ್ ಕಲ್ತ್ಕೋ.”

ಆಕ್ಲೆಂಡ್ ದಾಟುವವರೆಗೆ ಅತ್ತಿಗೆ ಕಿಟಕಿಯಾಚೆ ನೋಡುತ್ತ ಮಡಿಲಿನ ಡಬ್ಬ ಹಿಡಿದುಕೊಂಡೇ ಕೂತಿದ್ದರು. ಗುಡ್ಡ ಇಳಿದು ಹಸುಗಳ ಬಯಲು ಬಂದ ಮೇಲೆ ಡಬ್ಬದ ಮುಚ್ಚಳ ತೆಗೆದ ಸದ್ದಾಯಿತು. ಮುಂದಿನ ತಿರುವಿನಲ್ಲಿ ನಾನು ಲಾರಿಯೊಂದನ್ನು ಹಿಂದೆ ಹಾಕಲು ಹೋದಾಗ ಬಾಯಲ್ಲಿ ಕೋಡುಬಳೆ ಇಟ್ಟುಕೊಂಡೇ ಕೂಗಿದರು: “ಲೋ, ನಿಧಾನ ಓಡ್ಸೋ.”

ನಾನು ಹಿಂದಿನ ಸೀಟು ನೋಡಿದೆ. ಯಾರೂ ಇರಲಿಲ್ಲ.

ಕ್ಯಾಬಿನ್ ನೋಡಿಕೊಂಡೇ ಹೋಗೋಣವೆಂದು ಒಹಾಕುನೆಯ ದಾರಿ ಹಿಡಿದೆವು. ಪರ್ವತ ಮೋಡ ಹೊದ್ದು ಮಲಗಿತ್ತು. ನಮಗೆಂದು ಏಳುವ ಲಕ್ಷಣ ಕಾಣಲಿಲ್ಲ. ಕ್ಯಾಬಿನ್‌ಗಳು ಎರಡೂ ಇದ್ದವು, ಬಾಗಿಲೂ ಎರಡಿದ್ದವು. ಆಮೇಲೆ ಆ ಮಹಾ ಕ್ಯಾರೆಟ್ಟಿನ ಕೆಳಗೆ ನಿಂತು ಫ್ಲಾಸ್ಕಿನ ಕಾಫಿ ಬಗ್ಗಿಸಿಕೊಂಡೆವು. ಚಳಿಗೆ ಹಲ್ಲು ಕಟಕಟ ಅನ್ನುತ್ತಿದ್ದವು. ಅತ್ತಿಗೆ ಲೋಟ ಪಕ್ಕಕ್ಕಿಟ್ಟು, ಸೀರೆ ಎತ್ತಿ ಕಟ್ಟಿ, ಇದ್ದಕ್ಕಿದ್ದಂತೆ ಕಾರಿನ ಚಕ್ರದ ಮುಂದೆ ಮಂಡಿಯೂರಿದರು. ಗಂಭೀರವಾಗಿ ಒಮ್ಮೆ ಆಕಾಶ ನೋಡಿ, ಇಲ್ಲವೆಂದು ತಲೆಯಾಡಿಸಿದರು. ಅಪ್ಪ. ಕುತ್ತಿಗೆಯ ಹಿಂದೆ ಕೈಯಿಟ್ಟು ನಿಟ್ಟುಸಿರು ಬಿಡುವುದೂ ಸೇರಿ ಇಡೀ ಅಪ್ಪ. ಆಮೇಲೆ ಎದ್ದು, ಇಲ್ಲದ ಬೀನ್ಸ್ ಹೆಚ್ಚುತ್ತ, “ನಾನೇನ್ ಅಂಥ ಅತ್ತೆ ಅಲ್ಲ,” ಎಂದರು. ಆ “ಅಂಥ” ಎನ್ನುವಲ್ಲಿ ಅಮ್ಮನ ಹುಬ್ಬು ಎಷ್ಟು ಮೇಲೇಳುತ್ತದೋ ಅಷ್ಟೇ ಎದ್ದಿತು. ಅಣ್ಣನ ಕಿವಿಗಳನ್ನು ಎರಡು ಕೈಯಲ್ಲಿ ಮಾಡಿ ತೋರಿಸಿದರು. ನಾನು ಕ್ಯಾರೆಟ್ಟಿಗೆ ಒರಗಿ ಹೊಟ್ಟೆ ಹಿಡಿದುಕೊಂಡಿದ್ದೆ. ಎರಡು ತಿಂಗಳು ಬಾಯಿಗೆ ಕೈ ಅಡ್ಡವಿಟ್ಟು ಈ ಹೆಣ್ಣು ಎಲ್ಲವನ್ನೂ ಒಳಗೆ ತುಂಬಿಕೊಳ್ಳುತ್ತಿತ್ತು, ಬಿಚ್ಚಲಿಕ್ಕೊಂದು ತವರಿಲ್ಲದೆ.

“ಇನ್ನೊಬ್ಬ ಇದಾನೆ,” ಎಂದರು. ಗಂಟಲು ಸರಿಮಾಡಿಕೊಂಡರು. ಯಾರು ಯಾರು ನೋಡುತ್ತಿದ್ದಾರೆಂದು ಓರೆಗಣ್ಣಿನಲ್ಲಿ ಲೆಕ್ಕ ಹಾಕಿದರು. ತಲೆಗೂದಲು ಹಿಂದೆ ತಳ್ಳಿದರು. ಯಾರದೋ ಅನುಕರಣೆ ಶುರುಮಾಡುವವರಂತೆ ಬಾಯಿ ತೆರೆದು, ಒಂದು ಶಬ್ದವೂ ಹೊರಡುವ ಮುಂಚೆ ತಮ್ಮ ಹಾಸ್ಯಕ್ಕೆ ತಾವೇ ಕಿಸಕ್ಕನೆ ನಕ್ಕರು.

ನನಗೆ ನಗು ನಿಂತುಹೋಯಿತು. “ನಾನ್ ಹಾಗ್ ಮಾಡಲ್ಲ.”

“ನಾನ್ ಹಾಗ್ ಮಾಡಲ್ಲ,” ಎಂದರು ಅವರು, ನನ್ನ ದನಿಯಲ್ಲಿ. ಆಮೇಲೆ ಬಾಯಿಗೆ ಕೈ ಅಡ್ಡವಿಡದೆ, ದಾರಿಹೋಕರು ತಿರುಗಿ ನೋಡುವಷ್ಟು ಗಟ್ಟಿಯಾಗಿ ನಕ್ಕರು. ನನ್ನ ಜೀವನದ ಗುರಿ ಈಡೇರಿತ್ತು. ಆದರೆ ಹೀಗೆ ಈಡೇರಬಾರದಿತ್ತು.

ಅಷ್ಟರಲ್ಲಿ ಫೋನು ಬಂತು. ಆಂಟಿ. “ಎಲ್ಲಿಗೆ ಬಂದ್ರಿ? ರೊಟ್ಟಿ ಬಡಿಯಾಕ ಕುಂತೀನಿ. ಲಗೂನ ಬರ್ರಿ, ಆರಿ ಹೋಗ್ತಾವ.”

ಇನ್ನೂ ಅರ್ಧ ದಾರಿ ಇತ್ತು. ಅತ್ತಿಗೆ ಕಾಫಿ ಲೋಟ ಕೊಡವಿ, ಸೊಂಟಕ್ಕೆ ಕೈಯಿಟ್ಟು ನನ್ನ ಕಡೆ ತಿರುಗಿದರು.

“ನಡಿಯೋ ತಮ್ಮಾ, ಲಗೂನ. ರೊಟ್ಟಿ ಆರಿ ಹೋಗ್ತಾವ,” ಎಂದರು, ಧಾರವಾಡದಲ್ಲೇ ಹುಟ್ಟಿದವರ ಹಾಗೆ. ತವರಿನ ಹೊಸ್ತಿಲು ಇನ್ನೂ ಕಂಡಿರಲಿಲ್ಲ. ಆಗಲೇ ತವರಿನವರನ್ನೂ ಆಡಿಕೊಳ್ಳಲು ಶುರುಮಾಡಿದ್ದರು.